ಶಾಂತಿಯ ಮನೆಯಲ್ಲಿ ಒಂದು ಬಾಡಿಗೆಯ ಕೋಣೆ

ಹೆಸರಿನಲ್ಲಿಯೇ ಮನೆಯನ್ನು ಇರಿಸಿಕೊಂಡ ನಗರಗಳು ಜಗತ್ತಿನಲ್ಲಿ ಹೆಚ್ಚಾಗಿ ಸಿಕ್ಕುವುದಿಲ್ಲ. ಪೂರ್ವ ಆಫ್ರಿಕದ ಕಡಲ ದಡದಲ್ಲಿರುವ ದಾರ್ ಎಸ್ ಸಲಾಮ್ ಅಂಥದೊಂದು ನಗರ. ಅರಬ್ಬೀ ಭಾಷೆಯಲ್ಲಿ 'ದಾರ್' ಎಂದರೆ ಮನೆ, 'ಸಲಾಮ್' ಎಂದರೆ ಶಾಂತಿ. ಜಾಂಜಿಬಾರಿನ ಸುಲ್ತಾನ ಮಜೀದನು 1860ರ ದಶಕದಲ್ಲಿ ಮ್ಜಿಜಿಮಾ ಎಂಬ ಹಳ್ಳಿಯ ಬಳಿ ತನ್ನ ಹೊಸ ಪಟ್ಟಣವನ್ನು ಕಟ್ಟಿಸತೊಡಗಿದಾಗ ಈ ಹೆಸರು ಬಂದಿತು. 2022ರ ಜನಗಣತಿಯಲ್ಲಿ ಈ ಶಾಂತಿಯ ಮನೆಯೊಳಗೆ 53 ಲಕ್ಷ 83 ಸಾವಿರ ಮಂದಿ ಎಣಿಕೆಗೆ ಸಿಕ್ಕಿದರು. ಹೊಸದಾಗಿ ಬಂದಿಳಿಯುವವನಿಗೆ ಮಾತ್ರ ಅಲ್ಲಿ ಮನೆಯೂ ಸುಲಭವಲ್ಲ, ಶಾಂತಿಯೂ ಸುಲಭವಲ್ಲ.

ಮೊರೊಗೊರೊ ಕಡೆಯ ಒಬ್ಬ ಶಾಲಾ ಉಪಾಧ್ಯಾಯನಿಗೆ ಈ ನಗರಕ್ಕೆ ವರ್ಗವಾಯಿತೆಂದು ಭಾವಿಸೋಣ. ಜೊತೆಗೆ ಹೆಂಡತಿ, ಎರಡು ಮಕ್ಕಳು, ಬಿಚ್ಚಿ ಕಟ್ಟಿದ ಮಂಚ, ಒಂದು ಮೂಟೆ ಪಾತ್ರೆ. ಅವನು ಮೊದಲು ಹುಡುಕಬೇಕಾದದ್ದು ಮನೆಯನ್ನಲ್ಲ, 'ದಲಾಲಿ'ಯನ್ನು. ಕನ್ನಡ ವಾಚಕರಿಗೆ ಈ ಶಬ್ದದ ಅರ್ಥವನ್ನು ವಿವರಿಸಬೇಕಾದ ಅಗತ್ಯವಿಲ್ಲ. ಅರಬ್ಬೀ ಮಾತೊಂದು ಕನ್ನಡಕ್ಕೆ ಬಂದು ದಲ್ಲಾಳಿಯಾಯಿತು. ಹಿಂದೂ ಮಹಾಸಾಗರದ ಆಚೆಯ ದಡದಲ್ಲಿ ಸ್ವಾಹಿಲಿ ಭಾಷೆಯನ್ನು ಸೇರಿ ದಲಾಲಿಯಾಯಿತು. ಬಾಡಿಗೆಯ ಮೊತ್ತವನ್ನು ಅವನು ಹೇಳುವುದು 'ಲಾಕಿ'ಗಳಲ್ಲಿ. ಅದು ಹಡಗಿನ ವ್ಯಾಪಾರಿಗಳೊಡನೆ ಭಾರತದಿಂದ ಹೋದ ಲಕ್ಷವೇ. ಶಬ್ದಗಳ ನೆಂಟಸ್ತಿಕೆ ಇಷ್ಟಿದ್ದ ಮೇಲೆ ದಲ್ಲಾಳಿಯ ಗುಣದಲ್ಲಿಯೂ ಹೋಲಿಕೆಯಿದ್ದರೆ ಆಶ್ಚರ್ಯಪಡಬೇಕಾಗಿಲ್ಲ. ಬೀದಿಯ ಮೂಲೆಯಲ್ಲಿ ಮರದ ನೆರಳು, ಒಂದು ಬೆಂಚು, ಫೋನಿನ ಸಂಖ್ಯೆ ಬರೆದ ಹಲಗೆ: ಅದೇ ಅವನ ಕಚೇರಿ. ಮನೆ ತೋರಿಸುವುದಕ್ಕೆ ಮೊದಲು ಅಷ್ಟಿಷ್ಟು ಕಾಸು ಕೇಳುತ್ತಾನೆ. ಮನೆ ಕುದುರಿದರೆ ಒಂದು ತಿಂಗಳ ಬಾಡಿಗೆ ಅವನದು.

ತೋರಿಸುವ ಮನೆಯಾದರೂ ಎಂಥದು? ನಗರದ ಹಳೆಯ ಬಡಾವಣೆಗಳಾದ ಇಲಾಲ, ಮಗೊಮೆನಿ, ತೆಮೆಕೆಗಳಲ್ಲಿ 'ಸ್ವಾಹಿಲಿ ಮನೆ' ಎಂಬ ಒಂದು ಕಟ್ಟಡದ ಪದ್ಧತಿಯಿದೆ. ಬೀದಿಗೆ ಎದುರಾಗಿ 'ಬರಾಝ' ಎಂಬ ಜಗಲಿ. ಬಾಗಿಲನ್ನು ದಾಟಿದರೆ ಮುಂದಿನಿಂದ ಹಿಂದಿನವರೆಗೆ ನೆಟ್ಟಗೆ ಹೋಗುವ ಒಂದು ನಡುವೆ. ಅದರ ಎಡಕ್ಕೆ ಮೂರು ಕೋಣೆ, ಬಲಕ್ಕೆ ಮೂರು ಕೋಣೆ. ನಡುವೆ ಮುಗಿದಲ್ಲಿ ತೆರೆದ ಅಂಗಳ, ಅಂಗಳದ ಅಂಚಿಗೆ ಅಡಿಗೆಯ ಸ್ಥಳ, ಬಚ್ಚಲು, ಕಕ್ಕಸು. ಒಂದು ಕೋಣೆಯಲ್ಲಿ ಮನೆಯೊಡೆಯ, ಉಳಿದವುಗಳಲ್ಲಿ ಒಂದೊಂದು ಸಂಸಾರ. ಹಳೆಯ ಬೆಂಗಳೂರಿನ ವಠಾರವನ್ನು ಕಂಡವರಿಗೆ ಈ ಅಂಗಳದ ಸದ್ದುಗಳು ಅಪರಿಚಿತವೆನಿಸಲಾರವು. ಹೆಂಗಸರನ್ನು ಅಲ್ಲಿ ಹೆಸರು ಹಿಡಿದು ಕೂಗುವುದು ಅಪರೂಪ. ಮಗುವಿನ ಹೆಸರಿನ ಹಿಂದೆ 'ಮಾಮ' ಎಂದು ಸೇರಿಸಿ, ಇಂಥವನ ತಾಯಿ ಎಂದೇ ಕರೆಯುತ್ತಾರೆ. ಉಪಾಧ್ಯಾಯನು ಎಲ್ಲರಿಗೂ 'ಮ್ವಾಲಿಮು', ಅಂದರೆ ಮೇಷ್ಟ್ರು. ಟಾಂಜಾನಿಯದ ಮೊದಲ ಅಧ್ಯಕ್ಷ ಜೂಲಿಯಸ್ ನೈರೇರೆಯವರನ್ನು ದೇಶವೆಲ್ಲ ಕರೆದದ್ದೂ ಹಾಗೆಯೇ. ಆದಕಾರಣ ಆ ಮಾತಿನಲ್ಲಿ ಸ್ವಲ್ಪ ಗೌರವ ಹೆಚ್ಚು. ಬಾಡಿಗೆಯಲ್ಲಿ ಮಾತ್ರ ಗೌರವಕ್ಕೆಂದು ರಿಯಾಯಿತಿಯಿಲ್ಲ.

ಯಾರು ಎಲ್ಲಿ ಇರಬೇಕೆಂಬುದನ್ನು ಈ ನಗರದಲ್ಲಿ ಒಂದು ಕಾಲಕ್ಕೆ ಹಣವಲ್ಲ, ಚರ್ಮದ ಬಣ್ಣವೇ ನಿರ್ಣಯಿಸುತ್ತಿತ್ತು. ಜರ್ಮನರು 1891ರಲ್ಲಿ ಹೊರಡಿಸಿದ ಕಟ್ಟಡಗಳ ನಿಯಮದಿಂದ ಮೊದಲಾಗಿ, ಅವರ ತರುವಾಯ ಬಂದ ಬ್ರಿಟಿಷರ ಕಾಲದಲ್ಲಿಯೂ ಪಟ್ಟಣ ಮೂರು ಪಾಲಾಗಿತ್ತು. ಬಿಳಿಯರದು ಉಜುಂಗುನಿ, ಭಾರತೀಯ ವರ್ತಕರದು ಉಹಿಂದಿನಿ, ಆಫ್ರಿಕನರದು ಉಸ್ವಾಹಿಲಿನಿ. ಉಹಿಂದಿನಿಗೂ ಆಫ್ರಿಕನರ ಕಾರಿಯಾಕೋ ಬಡಾವಣೆಗೂ ನಡುವೆ ಮ್ನಾಜಿ ಮ್ಮೋಜ, ಎಂದರೆ 'ಒಂಟಿ ತೆಂಗು', ಎಂಬ ಬಯಲನ್ನು ಬೇಲಿಯಂತೆ ಖಾಲಿ ಬಿಟ್ಟಿದ್ದರು. 1961ರಲ್ಲಿ ದೇಶ ಸ್ವತಂತ್ರವಾಯಿತು. 1971ರಲ್ಲಿ ಸರಕಾರವು, ಮಾಲೀಕನು ತಾನೇ ಪೂರ್ತಿಯಾಗಿ ವಾಸಿಸದೆ ಬಾಡಿಗೆಗೆ ಕೊಟ್ಟಿದ್ದ, 1 ಲಕ್ಷ ಶಿಲಿಂಗಿಗೆ ಮೇಲ್ಪಟ್ಟ ಬೆಲೆಯ ಕಟ್ಟಡಗಳನ್ನು ತನ್ನ ವಶಕ್ಕೆ ತೆಗೆದುಕೊಂಡಿತು. ಅವುಗಳಲ್ಲಿ ಬಹುಪಾಲು ಭಾರತೀಯ ಮೂಲದವರವು. ತಾನು ಕಟ್ಟಿಸಿದ ಮಹಡಿಯ ಒಂದು ಭಾಗದಲ್ಲಿ ವಾಸವಾಗಿದ್ದವನು ಬೆಳಗಾಗುವುದರೊಳಗೆ ಅದೇ ಭಾಗಕ್ಕೆ ಸರಕಾರದ ಬಾಡಿಗೆದಾರನಾದನು. ಮನೆಯೊಡೆಯನ ಮನಸ್ಸೂ ಬಾಡಿಗೆದಾರನ ಮನಸ್ಸೂ ಒಂದೇ ಎದೆಯೊಳಗೆ ಹೇಗೆ ಒಗ್ಗಿಕೊಂಡವೋ ಅವನೇ ಹೇಳಬೇಕು.

ಈಗ ಬಣ್ಣದ ಬೇಲಿಯಿಲ್ಲ, ಹಣದ ಬೇಲಿಯಿದೆ. ಬಿಳಿಯರಿದ್ದ ಆಯ್ಸ್ಟರ್ ಬೇ, ಅದರ ನೆರೆಯ ಮಸಾಕಿಗಳಲ್ಲಿ ಬಾಡಿಗೆಯನ್ನು ಬಹುಕಾಲ ಅಮೆರಿಕದ ಡಾಲರುಗಳಲ್ಲಿ ಹೇಳುತ್ತಿದ್ದರು. 2025ರಲ್ಲಿ ಸರಕಾರವು ವಿದೇಶೀ ನಾಣ್ಯದಲ್ಲಿ ಬೆಲೆ ಹೇಳುವುದನ್ನು ನಿಷೇಧಿಸಿತು. ಮೇಷ್ಟ್ರ ಸಂಬಳ ಆ ದಾರಿಯಲ್ಲಿ ಹಾಯುವುದೇ ಇಲ್ಲವಾದ್ದರಿಂದ ಅದನ್ನು ಇಲ್ಲಿಗೇ ಬಿಡಬಹುದು.

ಅವನ ನಿಜವಾದ ಕಷ್ಟ ಬೇರೆ. ಸ್ವಾಹಿಲಿಯಲ್ಲಿ ಬಾಡಿಗೆಗೆ 'ಕೋಡಿ' ಎನ್ನುತ್ತಾರೆ. ಕನ್ನಡ ನಾಡಿನಲ್ಲಿ ಕೆರೆ ತುಂಬಿದ ಮೇಲೆ ಕೋಡಿ ಹರಿಯುತ್ತದೆ. ದಾರ್ ಎಸ್ ಸಲಾಮಿನಲ್ಲಿ ಕೆರೆಗೆ ನೀರು ಬರುವ ಮೊದಲೇ ಕೋಡಿ ಹರಿಯಬೇಕು. ಬಾಡಿಗೆಯನ್ನು ಅಲ್ಲಿ ತಿಂಗಳಿಗೆ ಇಷ್ಟೆಂದು ಗೊತ್ತುಮಾಡುತ್ತಾರೆ, ಆದರೆ ತಿಂಗಳು ತಿಂಗಳು ತೆಗೆದುಕೊಳ್ಳುವುದು ವಿರಳ. ಆರು ತಿಂಗಳದ್ದು, ಎಷ್ಟೋ ಕಡೆ ಒಂದು ವರ್ಷದ್ದು, ಒಟ್ಟಿಗೆ ಮುಂಗಡವಾಗಿ ಎಣಿಸಬೇಕು. ಇದು ಬೆಂಗಳೂರಿನ ಅಡ್ವಾನ್ಸಿನಂತೆ ಮನೆ ಬಿಡುವಾಗ ಕೈಗೆ ಮರಳುವ ಹಣವಲ್ಲ. ಬಾಡಿಗೆಯೇ ಆಗಿ ಕರಗಿಹೋಗುವ ಹಣ. ಕೋಣೆಯ ಬಾಡಿಗೆ ತಿಂಗಳಿಗೆ ಒಂದು ಲಾಕಿ ಎಂದಿಟ್ಟುಕೊಂಡರೆ, ಮನೆಯೊಡೆಯನಿಗೆ ಆರು, ದಲಾಲಿಗೆ ಒಂದು, ಒಟ್ಟು ಏಳು ಲಾಕಿ ಕೈಯಲ್ಲಿ ಹಿಡಿದ ಮೇಲೆಯೇ ಬೀಗದ ಕೈ. ಸಂಬಳ ಬರುವುದು ತಿಂಗಳಿಗೊಮ್ಮೆ, ಬಾಡಿಗೆ ಹೋಗುವುದು ಅರೆ ವರ್ಷಕ್ಕೊಮ್ಮೆ. ಇವೆರಡರ ನಡುವಣ ಈ ಅಂತರದಲ್ಲಿಯೇ ಆ ಊರಿನ ಗೃಹಸ್ಥನ ನಿದ್ರೆ ಕೆಡುತ್ತದೆ. ಬಾಡಿಗೆಯನ್ನು ಹತೋಟಿಯಲ್ಲಿಡಲು 1984ರಲ್ಲಿ ಮಾಡಿದ ಶಾಸನವೊಂದಿತ್ತು. 2005ರಲ್ಲಿ ಅದೂ ರದ್ದಾಯಿತು.

ಮನೆಯೊಡೆಯನನ್ನು ಮಾತ್ರ ದೂಷಿಸಿ ಸುಮ್ಮನಾಗುವುದು ನ್ಯಾಯವಲ್ಲ. ನಗರದ ಹೊರವಲಯದಲ್ಲಿ ನಡೆದುಹೋಗುವವರಿಗೆ ಸಾಲುಸಾಲಾಗಿ ಅರ್ಧ ಕಟ್ಟಿದ ಮನೆಗಳು ಕಾಣುತ್ತವೆ. ಗೋಡೆ ಎದ್ದಿದೆ, ಸೂರಿಲ್ಲ, ಸೂರಿದೆ, ಕಿಟಕಿಯಿಲ್ಲ, ಕಂಬಗಳ ತುದಿಯಲ್ಲಿ ಕಬ್ಬಿಣದ ಸರಳುಗಳು ಆಕಾಶವನ್ನು ನೋಡುತ್ತ ನಿಂತಿವೆ. ಬ್ಯಾಂಕಿನ ಸಾಲ ಸಾಮಾನ್ಯನ ಕೈಗೆ ಎಟುಕುವುದಿಲ್ಲವಾಗಿ, ಹಣ ಬಂದಾಗ ನೂರು ಸಿಮೆಂಟಿನ ಇಟ್ಟಿಗೆ, ಮತ್ತೆ ಬಂದಾಗ ತಗಡು, ಹೀಗೆ ಹತ್ತಾರು ವರ್ಷ ಮನೆ ಬೆಳೆಯುತ್ತದೆ. ಒಂದು ಕೋಣೆ ಮುಗಿಯುತ್ತಲೇ ಅದನ್ನು ಬಾಡಿಗೆಗೆ ಕೊಟ್ಟು, ಆ ಮುಂಗಡದಿಂದ ಎರಡನೆಯ ಕೋಣೆಯ ಗೋಡೆಯನ್ನೆಬ್ಬಿಸುತ್ತಾರೆ. ಅಂದಮೇಲೆ ಮೇಷ್ಟ್ರು ತೆತ್ತ ಆರು ಲಾಕಿ ಬಾಡಿಗೆಯೂ ಹೌದು, ಬಡ್ಡಿಯಿಲ್ಲದ ಸಾಲವೂ ಹೌದು. ಬ್ಯಾಂಕು ಮಾಡಬೇಕಾದ ಕೆಲಸವನ್ನು ಬಾಡಿಗೆದಾರನು ಮಾಡುತ್ತಿದ್ದಾನೆ. ನಗರ ಬೆಳೆದದ್ದು ಬಹುಮಟ್ಟಿಗೆ ಅವನ ದುಡ್ಡಿನಿಂದ, ಆದರೆ ಯಾವ ಗೋಡೆಯ ಮೇಲೂ ಅವನ ಹೆಸರಿಲ್ಲ. ಗೋಡೆಯ ಮೇಲೆ ಹಲವು ಕಡೆ ದಪ್ಪಕ್ಷರಗಳಲ್ಲಿ ಕಾಣುವುದು 'ಈ ಮನೆ ಮಾರಾಟಕ್ಕಿಲ್ಲ' ಎಂಬ ಸ್ವಾಹಿಲಿ ಬರಹ. ಮಾಲೀಕನು ಇಲ್ಲದ ಹೊತ್ತಿನಲ್ಲಿ ಬೇರೊಬ್ಬ ಧೂರ್ತನು ಮನೆಯನ್ನು ಮಾರಿ ಹೋದಾನೆಂಬ ಭಯಕ್ಕೆ ಬರೆಸಿದ್ದು!

ಹಣವನ್ನು ಒದಗಿಸುವ ಭಾರ ಅನೇಕ ಸಂಸಾರಗಳಲ್ಲಿ ಗೃಹಿಣಿಯ ಮೇಲೆ ಬೀಳುತ್ತದೆ. ಹತ್ತು ಹನ್ನೆರಡು ಹೆಂಗಸರು ಸೇರಿ ವಾರಕ್ಕೋ ತಿಂಗಳಿಗೋ ಇಷ್ಟೆಂದು ಹಾಕಿ, ಸರದಿಯ ಮೇಲೆ ಒಬ್ಬೊಬ್ಬರು ಒಟ್ಟು ಮೊತ್ತವನ್ನು ಎತ್ತುತ್ತಾರೆ. ಕನ್ನಡದ ಚೀಟಿಯೇ ಸರಿ. ಅವರು ಅದಕ್ಕೆ 'ಉಪಾಟು' ಎಂದೂ 'ಮ್ಚೆಜೊ' ಎಂದೂ ಹೆಸರಿಟ್ಟಿದ್ದಾರೆ. ಮ್ಚೆಜೊ ಎಂದರೆ ಆಟ. ಬಾಡಿಗೆಯ ತಿಂಗಳಿಗೆ ತನ್ನ ಸರದಿ ಬರುವಂತೆ ಹೊಂದಿಸಿಕೊಂಡ ಗೃಹಿಣಿ ಆ ಆಟದಲ್ಲಿ ಗೆದ್ದಳು.

ಹಣ ಸೇರಿತು. ಕರಾರು ಪತ್ರವನ್ನು ಬರೆದು ಬಡಾವಣೆಯ ಕಚೇರಿಯಲ್ಲಿ 'ಮುಹುರಿ' ಒತ್ತಿಸುತ್ತಾರೆ. ಮೊಹರು ಅಲ್ಲಿಯೂ ಮೊಹರೇ. ಆದರೆ ಜಾಣ ಗೃಹಿಣಿ ಅದಕ್ಕೆ ಮೊದಲೇ ಕೋಣೆಯ ಗೋಡೆಯನ್ನು ನೆಲದಿಂದ ಮೊಣಕಾಲಿನೆತ್ತರದವರೆಗೆ ಕಣ್ಣಿಟ್ಟು ನೋಡುತ್ತಾಳೆ, ನೀರು ನಿಂತ ಗೆರೆಯಿದೆಯೇ ಎಂದು. ಮಾರ್ಚಿನಿಂದ ಮೇ ತನಕ 'ಮಸಿಕಾ' ಎಂಬ ದೊಡ್ಡ ಮಳೆ. ವರ್ಷದ ಕೊನೆಗೆ 'ವುಲಿ' ಎಂಬ ಸಣ್ಣ ಮಳೆ. ಮ್ಸಿಂಬಾಜಿ ಹೊಳೆಯ ತಗ್ಗಿನಲ್ಲಿ ಬಾಡಿಗೆ ಅಗ್ಗವಾಗಿದ್ದರೆ ಅದಕ್ಕೆ ಕಾರಣವಿದೆ. 2011ರ ಡಿಸೆಂಬರಿನ ಪ್ರವಾಹದಲ್ಲಿ ಅಲ್ಲಿ ಮನೆಗಳೂ ಹೋದವು, ಜೀವಗಳೂ ಹೋದವು. ಉಳಿದವರಲ್ಲಿ ಅನೇಕರನ್ನು ದೂರದ ಮಬ್ವೆಪಾಂಡೆಗೆ ಸಾಗಿಸಬೇಕಾಯಿತು. ಮುಂಗಡ ಕೊಟ್ಟ ಮೇಲೆ ಮಳೆ ಬಂದರೆ ಆ ಹಣವೂ ಹೊಳೆಯ ಪಾಲೇ.

ನೀರಿನ ವಿಚಾರವನ್ನೂ ಕೇಳಿಕೊಳ್ಳಬೇಕು. ರುವು ನದಿಯ ನೀರು ಕೊಳಾಯಿಯಲ್ಲಿ ಬರುವ ಬೀದಿಯೇ, ಅಲ್ಲವೇ? ಅಲ್ಲವಾದರೆ ಕೈಗಾಡಿಯವನಿಂದ ಇಪ್ಪತ್ತು ಲೀಟರಿನ ಡಬ್ಬಗಳನ್ನು ಕೊಳ್ಳಬೇಕು. ಬಾವಿಯ ನೀರು ಎಷ್ಟೋ ಕಡೆ ಉಪ್ಪು. ಇನ್ನು ವಿದ್ಯುತ್ತು. ಫೋನಿನ ರೀಚಾರ್ಜಿನಂತೆ ಮೊದಲು ಹಣ ಕಟ್ಟಿ, ಬಂದ ಅಂಕಿಗಳನ್ನು ಮೀಟರಿಗೆ ಒತ್ತಿದರೆ ದೀಪ. ಇದಕ್ಕೆ 'ಲುಕು' ಎಂಬ ಹೆಸರು. ಆರು ಸಂಸಾರಕ್ಕೆ ಒಂದೇ ಮೀಟರಿದ್ದಲ್ಲಿ, ಇಸ್ತ್ರಿ ಪೆಟ್ಟಿಗೆ ಯಾರದು, ಶೀತಕ ಯಂತ್ರ ಯಾರದು, ಒಂದೇ ದೀಪದವರು ಸಮಪಾಲು ಏಕೆ ಕೊಡಬೇಕು ಎಂಬ ವ್ಯಾಜ್ಯ ಅಂಗಳದಲ್ಲಿ ತಿಂಗಳಿಗೆ ಎರಡು ಸಲವಾದರೂ ವಿಚಾರಣೆಗೆ ಬರುತ್ತದೆ.

ಇಷ್ಟಾದರೂ ಸಂಸಾರ ಕುದುರಿಕೊಳ್ಳುತ್ತದೆ. ಮಕ್ಕಳು ಬರಾಝದ ಮೇಲೆ ಪಾಠ ಓದುತ್ತಾರೆ. ಎದುರು ಕೋಣೆಯ ತಾಯಿ ಕಾಯಿಹಾಲಿನ ಅನ್ನ ಮಾಡಿದ ದಿನ ಒಂದು ತಟ್ಟೆ ಈಚೆಗೆ ಬರುತ್ತದೆ. ಆ ನಾಡಿನಲ್ಲಿ ಬಾಗಿಲನ್ನು ಬಡಿಯುವುದಕ್ಕಿಂತ ಹೊರಗೆ ನಿಂತು 'ಹೋಡಿ' ಎಂದು ಕೂಗುವುದು ಸಂಪ್ರದಾಯ. ಒಳಗಿನವರು 'ಕರಿಬು', ಬನ್ನಿ, ಎಂದ ಮೇಲೆಯೇ ಹೊಸಿಲು ದಾಟುತ್ತಾರೆ. ಮೊದಲ ನಾಲ್ಕು ತಿಂಗಳು ಬಂದವರೆಲ್ಲ ಉಪ್ಪಿಗೋ ಬೆಂಕಿಗೋ ಲುಕುವಿನ ಪಾಲಿಗೋ ಬಂದವರು. ಐದನೆಯ ತಿಂಗಳ ಒಂದು ಸಂಜೆ ಹೊರಗೆ ಗಂಡಸಿನ ಗಂಭೀರ ಧ್ವನಿಯೊಂದು 'ಹೋಡಿ, ಮ್ವಾಲಿಮು' ಎನ್ನುತ್ತದೆ. ಹೆಂಡತಿ ಒಲೆಯ ಮುಂದಿನಿಂದಲೇ ಗಂಡನ ಮುಖವನ್ನು ನೋಡುತ್ತಾಳೆ. ಚೀಟಿಯಲ್ಲಿ ಅವಳ ಸರದಿ ಬರಲು ಇನ್ನೂ ಮೂರು ವಾರಗಳಿವೆ. ಮೇಷ್ಟ್ರು ಅಂಗಿಯನ್ನು ತೊಟ್ಟುಕೊಂಡು, ಇದ್ದ ಒಂದೇ ಕುರ್ಚಿಯನ್ನು ಬಾಗಿಲಿನತ್ತ ಸರಿಸಿ, 'ಕರಿಬು' ಎನ್ನುತ್ತಾನೆ.