ಮೀನೆಣ್ಣೆ: ಗಿಡಕ್ಕೆ ಬೇರೆ, ದೇಹಕ್ಕೆ ಬೇರೆ

ಹಿಟ್ಟು ತಿಗಣೆಯ ನಿವಾರಣೆಗಾಗಿ ಗಿಡಗಳಿಗೆ ಮೀನೆಣ್ಣೆಯ ಸಾಬೂನಿನ ದ್ರಾವಣವನ್ನು ಸಿಂಪಡಿಸುವುದುಂಟು. ಅದು ಎಂದಿಗೂ ಸೇವನೆಗೆ ಯೋಗ್ಯವಲ್ಲ. ಮನೆಯ ಔಷಧದ ಸೀಸೆಗಳೊಡನೆ ಅದನ್ನು ಇಡತಕ್ಕದ್ದಲ್ಲ.

ಸೇವಿಸತಕ್ಕ ಶುದ್ಧ ಮೀನೆಣ್ಣೆಯಲ್ಲಿರುವ ಒಮೆಗಾ-3 ಮೇದಾಮ್ಲಗಳು ರಕ್ತದಲ್ಲಿನ ಟ್ರೈಗ್ಲಿಸರೈಡ್ ಎಂಬ ಕೊಬ್ಬನ್ನು ತಗ್ಗಿಸುವುವು. ಕಾಡ್ ಮೀನಿನ ಯಕೃತ್ತಿನ ಎಣ್ಣೆಯಲ್ಲಿ ಎ ಮತ್ತು ಡಿ ಜೀವಸತ್ತ್ವಗಳೂ ಉಂಟು. ಆದರೆ ಹೆಚ್ಚು ಕುಡಿದಷ್ಟೂ ಹೆಚ್ಚು ಬಲವೆಂಬ ಎಣಿಕೆಯು ತಪ್ಪು. ಎ ಜೀವಸತ್ತ್ವವು ಮಿತಿಮೀರಿದರೆ ಗರ್ಭಸ್ಥ ಶಿಶುವಿಗೆ ಅಪಾಯ. ಗರ್ಭಿಣಿಯರೂ, ರಕ್ತ ಹೆಪ್ಪುಗಟ್ಟದಂತೆ ಔಷಧ ಸೇವಿಸುವವರೂ ವೈದ್ಯರನ್ನು ಕೇಳದೆ ಇದನ್ನು ತೆಗೆದುಕೊಳ್ಳಕೂಡದು.

ಮೀನು ತಿನ್ನುವ ಆರೋಗ್ಯವಂತರಿಗೆ ವಾರಕ್ಕೆರಡಾವೃತ್ತಿ ಭೂತಾಯಿ ಮೀನಿನ ಊಟವೇ ಸಾಕು. ತಿನ್ನದವರಿಗೆ ಅಗಸೆಯ ಚಟ್ನಿಪುಡಿಯಿಂದ ಅದೇ ಕುಲದ ಕೊಬ್ಬು ದೊರೆಯುವುದು. ತಗಡೂರು ಮೊದಲಾದ ಗ್ರಾಮಗಳ ಯಜಮಾನರೂ ಭೂಮಾಲಿಕರೂ ಈ ಭೇದವನ್ನು ತಮ್ಮ ಜನರಿಗೆ ತಿಳಿಯಹೇಳುವುದು ಅತ್ಯವಶ್ಯಕ.