ಹೊಟ್ಟೆ ಸ್ಕ್ಯಾನಿಂಗ್‌ಗೆ ಎರಡೆರಡು ದಿನ ಅಂಗಡಿ ಬಂದ್: ಮೊದಲೇ ಒಂದು ಮಾತು ಹೇಳಿದ್ರೆ ಆಗಲ್ವಾ?

‘ತಿಂಡಿ ತಿಂದ್ರಾ?’
‘ಎರಡು ಇಡ್ಲಿ, ಒಂದು ಕಾಫಿ. ಅಷ್ಟೇ ಮೇಡಂ.’
‘ಹಾಗಾದ್ರೆ ನಾಳೆ ಖಾಲಿ ಹೊಟ್ಟೇಲಿ ಬನ್ನಿ.’

ತಾಲೂಕು ಕೇಂದ್ರದ ಸ್ಕ್ಯಾನಿಂಗ್ ರೂಮ್ ಮುಂದೆ ಬೆಳಗ್ಗೆ ಅರ್ಧ ಗಂಟೆ ಕೂತರೆ ಇಂಥ ಮಾತು ಕಿವಿಗೆ ಬೀಳುತ್ತೆ. ಹಳ್ಳಿಯಿಂದ ಮೊದಲ ಬಸ್ ಹಿಡಿದು ಬಂದವರಿಗೆ ಅವತ್ತಿನ ಕೂಲಿ ಹೋಯ್ತು. ಪೇಟೆಯಲ್ಲಿ ಅಂಗಡಿ ಇಟ್ಟವರಿಗೆ ಅರ್ಧ ದಿನದ ವ್ಯಾಪಾರ ಹೋಯ್ತು, ಸಂತೆ ದಿನವಾದರೆ ಕೇಳೋದೇ ಬೇಡ. ವೈದ್ಯರು ಚೀಟಿಯಲ್ಲಿ ‘ಯುಎಸ್‌ಜಿ ಅಬ್ಡೊಮೆನ್’ ಅಂತ ಎರಡು ಪದ ಬರೆದು ಕೊಟ್ಟಿರುತ್ತಾರೆ. ಹೇಗೆ ಬರಬೇಕು ಅಂತ ಯಾರೂ ಹೇಳಿರೋದಿಲ್ಲ. ರೋಗಿ ಎರಡು ಸಲ ಅಲೆಯೋದಕ್ಕೆ ಕಾರಣ ಎರಡು: ಒಂದು ಈ ಮಾಹಿತಿಯ ಕೊರತೆ, ಇನ್ನೊಂದು ತಜ್ಞರ ಕೊರತೆ.

ಖಾಲಿ ಹೊಟ್ಟೆ ಯಾಕೆ?

ಊಟ ಮಾಡಿದ ಕೂಡಲೇ ಪಿತ್ತಕೋಶ ತನ್ನಲ್ಲಿರುವ ಪಿತ್ತರಸವನ್ನು ಕರುಳಿಗೆ ಬಿಟ್ಟು ಕುಗ್ಗಿಬಿಡುತ್ತೆ. ಕುಗ್ಗಿದ ಪಿತ್ತಕೋಶದಲ್ಲಿ ಕಲ್ಲು ಇದ್ದರೂ ಸರಿಯಾಗಿ ಕಾಣೋದಿಲ್ಲ. ಜೊತೆಗೆ ಹೊಟ್ಟೆಯಲ್ಲಿ ಗ್ಯಾಸ್ ಇದ್ದರೆ ಶಬ್ದದ ಅಲೆಗಳು ಅದನ್ನು ದಾಟಿ ಹೋಗೋದಿಲ್ಲ, ಮೇದೋಜೀರಕ ಗ್ರಂಥಿ ಮರೆಯಾಗುತ್ತೆ. ಅದಕ್ಕೇ ಸಾಮಾನ್ಯವಾಗಿ 6ರಿಂದ 8 ಗಂಟೆ ಏನೂ ತಿನ್ನಬೇಡಿ ಅನ್ನೋದು. ರಾತ್ರಿ ಬೇಗ ಹಗುರವಾಗಿ ಊಟ ಮಾಡಿ ಬೆಳಗ್ಗೆ ಬಂದರೆ ಸರಿಹೋಗುತ್ತೆ. ಹಾಲು ಹಾಕಿದ ಕಾಫಿ, ಟೀ ಕೂಡ ಲೆಕ್ಕಕ್ಕೆ ಬರುತ್ತೆ. ಬೀಡಿ, ಸಿಗರೇಟೂ ಬೇಡ.

ನೀರಿನ ವಿಷಯ ಬೇರೆ. ಮೂತ್ರಕೋಶ, ಗರ್ಭಕೋಶ, ಪ್ರಾಸ್ಟೇಟ್ ನೋಡಬೇಕಾದರೆ ಮೂತ್ರಕೋಶ ತುಂಬಿರಬೇಕು. ಅದು ತುಂಬಿದಾಗ ಕರುಳು ಪಕ್ಕಕ್ಕೆ ಸರಿದು ಹಿಂದಿನದೆಲ್ಲ ಕಾಣುತ್ತೆ. ಹಾಗಾಗಿ ಒಂದು ಗಂಟೆ ಮೊದಲು ನಾಲ್ಕೈದು ಲೋಟ ನೀರು ಕುಡಿದು ತಡೆದುಕೊಂಡಿರಿ ಅಂತಾರೆ. ಪ್ರಾಸ್ಟೇಟ್ ತೊಂದರೆ ಇರುವ ಹಿರಿಯರಿಗೆ ಮೂತ್ರ ಮಾಡಿ ಬರಲು ಹೇಳಿ ಎಷ್ಟು ಉಳಿದಿದೆ ಅಂತ ಇನ್ನೊಮ್ಮೆ ನೋಡುತ್ತಾರೆ. ಗಾಬರಿ ಬೇಡ.

ಶುಗರ್ ಇರುವವರು ಮಾತ್ರ ಹುಷಾರು. ಇನ್ಸುಲಿನ್ ಅಥವಾ ಮಾತ್ರೆ ತಗೊಂಡು ಉಪವಾಸ ಕೂತರೆ ಶುಗರ್ ಕುಸಿಯಬಹುದು. ‘ಬೆಳಗಿನ ಡೋಸ್ ಏನು ಮಾಡ್ಲಿ?’ ಅಂತ ಚೀಟಿ ಬರೆದ ವೈದ್ಯರನ್ನೇ ಕೇಳಿ, ಮೊದಲ ಸರದಿ ಕೊಡಿ ಅಂತ ಕೌಂಟರಲ್ಲಿ ಹೇಳಿ. ತಡೆಯಲಾಗದ ಹೊಟ್ಟೆನೋವು ಬಂದಾಗ ಉಪವಾಸದ ಲೆಕ್ಕ ಹಾಕುತ್ತಾ ಮನೇಲಿ ಕೂರಬೇಡಿ. ತುರ್ತಿನಲ್ಲಿ ಊಟ ಆಗಿದ್ದರೂ ಸ್ಕ್ಯಾನ್ ಮಾಡುತ್ತಾರೆ.

ಒಳಗೆ ಏನಾಗುತ್ತೆ?

ಮಲಗಿಸಿ ಹೊಟ್ಟೆಗೆ ತಣ್ಣನೆಯ ಜೆಲ್ ಹಚ್ಚುತ್ತಾರೆ. ಚರ್ಮಕ್ಕೂ ಪ್ರೋಬ್‌ಗೂ ನಡುವೆ ಗಾಳಿ ಇರಬಾರದು ಅಂತ ಈ ಜೆಲ್. ‘ಉಸಿರು ಎಳೆದು ಹಿಡ್ಕೊಳ್ಳಿ’, ‘ಎಡಕ್ಕೆ ತಿರುಗಿ’ ಅಂತ ಹೇಳುತ್ತಾರೆ. 15ರಿಂದ 30 ನಿಮಿಷದ ಕೆಲಸ. ಸೂಜಿ ಇಲ್ಲ. ಎಕ್ಸ್‌ರೇ, ಸಿಟಿ ಸ್ಕ್ಯಾನ್‌ನಂತೆ ವಿಕಿರಣವೂ ಇಲ್ಲ. ಮೊದಲೇ ನೋವಿರುವ ಜಾಗದಲ್ಲಿ ಒತ್ತಿದರೆ ಸ್ವಲ್ಪ ನೋಯಬಹುದು, ಅಷ್ಟೇ. ಮುಗಿದ ಮೇಲೆ ಒರೆಸಿಕೊಂಡು, ತಿಂಡಿ ತಿಂದು ನೇರ ಅಂಗಡಿಗೆ ಹೋಗಬಹುದು.

ಮಷೀನ್ ಇದೆ, ಡಾಕ್ಟರ್ ಎಲ್ಲಿ?

ಎರಡನೇ ಕಾರಣ ಇದು. ಎಷ್ಟೋ ಕಡೆ ಸರಕಾರಿ ಆಸ್ಪತ್ರೆಯಲ್ಲಿ ಯಂತ್ರ ಇದ್ದರೂ ರೇಡಿಯಾಲಜಿಸ್ಟ್ ವಾರದಲ್ಲಿ ಕೆಲವೇ ದಿನ ಬರುತ್ತಾರೆ. ‘ಇರೋ ಸಿಬ್ಬಂದಿನೇ ಮಾಡಬಾರದಾ?’ ಅಂತ ಜನ ಕೇಳ್ತಾರೆ. ಮಾಡುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯಲು 1994ರಲ್ಲಿ ಬಂದ ಪಿಸಿಪಿಎನ್‌ಡಿಟಿ ಕಾಯ್ದೆಯ ಪ್ರಕಾರ ಪ್ರತಿ ಸ್ಕ್ಯಾನಿಂಗ್ ಕೇಂದ್ರ ನೋಂದಣಿ ಆಗಿರಬೇಕು, ಅರ್ಹ ವೈದ್ಯರೇ ಸ್ಕ್ಯಾನ್ ಮಾಡಬೇಕು. 2012ರ ತಿದ್ದುಪಡಿ ನಿಯಮದಂತೆ ಒಬ್ಬ ವೈದ್ಯರು ಒಂದು ಜಿಲ್ಲೆಯಲ್ಲಿ ಹೆಚ್ಚೆಂದರೆ ಎರಡು ಕೇಂದ್ರಗಳಲ್ಲಿ ಮಾತ್ರ ಹೆಸರು ನೋಂದಾಯಿಸಬಹುದು.

ಈ ಬಿಗಿ ಸುಮ್ಮನೆ ಬಂದಿಲ್ಲ. 2023ರಲ್ಲಿ ಮಂಡ್ಯದ ಆಲೆಮನೆಯೊಂದರಲ್ಲಿ ಮಷೀನ್ ಇಟ್ಟು ಭ್ರೂಣಲಿಂಗ ಪತ್ತೆ ಮಾಡುತ್ತಿದ್ದ ಜಾಲ ಸಿಕ್ಕಿಬಿದ್ದಿದ್ದನ್ನು ಇಡೀ ರಾಜ್ಯ ನೋಡಿದೆ. ಕಾಯ್ದೆ ಸಡಿಲಿಸಿ ಅನ್ನೋದು ಪರಿಹಾರ ಅಲ್ಲ. ಖಾಲಿ ಹುದ್ದೆ ತುಂಬೋದು, ಅಲ್ಲಿಯವರೆಗೆ ಡಾಕ್ಟರ್ ಯಾವ ದಿನ ಇರ್ತಾರೆ ಅಂತ ಗೇಟಿನಲ್ಲೇ ಬೋರ್ಡ್ ಹಾಕೋದು ಪರಿಹಾರ.

ಖಾಸಗಿಗೆ ಹೋಗುವವರು ಮೊದಲೇ ದರ ಕೇಳಿ. ಶುಲ್ಕದ ವಿವರ ಜನರಿಗೆ ಸಿಗುವಂತೆ ಇಡಬೇಕು ಅಂತ ಕೆಪಿಎಂಇ ಕಾಯ್ದೆ ಹೇಳುತ್ತೆ. ಕೇಳೋದಕ್ಕೆ ಸಂಕೋಚ ಯಾಕೆ?

ರಿಪೋರ್ಟ್ ಹೇಗೆ ಓದೋದು?

‘ನಾರ್ಮಲ್’ ಅಂತ ಬಂದರೆ ಕಾಯಿಲೆಯೇ ಇಲ್ಲ ಅಂತಲ್ಲ. ಗ್ಯಾಸ್ಟ್ರಿಕ್, ಹೊಟ್ಟೆ ಹುಣ್ಣು ಇದರಲ್ಲಿ ಸಾಮಾನ್ಯವಾಗಿ ಕಾಣೋದಿಲ್ಲ, ಅದಕ್ಕೆ ಎಂಡೋಸ್ಕೋಪಿ ಬೇಕು. ಮೂತ್ರನಾಳದ ಸಣ್ಣ ಕಲ್ಲೂ ತಪ್ಪಿಸಿಕೊಳ್ಳಬಹುದು. ಇನ್ನು ‘ಗ್ರೇಡ್ 1 ಫ್ಯಾಟಿ ಲಿವರ್’ ಅಂತ ನೋಡಿದ ತಕ್ಷಣ ಲಿವರ್ ಹೋಯ್ತು ಅಂತ ಹೆದರುವವರು ಬಹಳ. ಅದು ಆರಂಭದ ಹಂತದ ಕೊಬ್ಬು. ಕುಡಿಯದವರಿಗೂ ಬರುತ್ತೆ. ದಿನವಿಡೀ ಗಲ್ಲಾಪೆಟ್ಟಿಗೆ ಮುಂದೆ ಕೂರುವವರು ಇದನ್ನು ಎಚ್ಚರಿಕೆ ಅಂತ ತಿಳಿದು ನಡಿಗೆ ಶುರು ಮಾಡಿ, ತೂಕ ಇಳಿಸಿದರೆ ಕಡಿಮೆ ಆಗುತ್ತೆ. ಹಾಗಂತ ಉದಾಸೀನವೂ ಬೇಡ. ರಿಪೋರ್ಟನ್ನು ಚೀಟಿ ಬರೆದ ವೈದ್ಯರಿಗೇ ತೋರಿಸಿ, ಹಳೇ ರಿಪೋರ್ಟ್ ಇದ್ದರೆ ಜೊತೆಗೇ ಒಯ್ಯಿರಿ.

ಒಂದು ಚೀಟಿ ಸಾಕು

ಹುದ್ದೆ ತುಂಬೋದು ಸರಕಾರದ ಕೆಲಸ, ತಡವಾಗುತ್ತೆ. ಆದರೆ ‘ಇಷ್ಟು ಗಂಟೆ ಏನೂ ತಿನ್ನಬೇಡಿ, ಇಷ್ಟು ನೀರು ಕುಡಿಯಿರಿ, ಈ ದಿನ ಬನ್ನಿ’ ಅಂತ ಕನ್ನಡದಲ್ಲಿ ನಾಲ್ಕು ಸಾಲು ಅಚ್ಚು ಹಾಕಿಸಿ ಕೊಡೋದಕ್ಕೆ ಯಾವ ಮಂಜೂರಾತಿಯೂ ಬೇಕಿಲ್ಲ. ಆಸ್ಪತ್ರೆಯ ಆರೋಗ್ಯ ರಕ್ಷಾ ಸಮಿತಿ ಮನಸ್ಸು ಮಾಡಿದರೆ ಒಂದು ವಾರದ ಕೆಲಸ. ಅಲ್ಲಿಯವರೆಗೆ ಚೀಟಿ ಕೈಗೆ ಬಂದಾಗ ಮೂರು ಪ್ರಶ್ನೆ ಕೇಳದೆ ಎದ್ದು ಬರಬೇಡಿ: ಊಟ ಬಿಡಬೇಕಾ? ನೀರು ಕುಡಿಯಬೇಕಾ? ಡಾಕ್ಟರ್ ಯಾವತ್ತು ಇರ್ತಾರೆ?