ಮಂಜನ್ನೂ ನೀರಿನ ಲೆಕ್ಕಕ್ಕೆ ಹಿಡಿಯಿರಿ

ನಾನು ಕೊಪ್ಪದ ಕಡೆಯ ಕಾಫಿ ಬೆಳೆಗಾರ. ಬಿದ್ದ ಮಳೆಯನ್ನು ಇಂಚು, ಸೆಂಟ್ಸ್ ಲೆಕ್ಕದಲ್ಲಿ ಡೈರಿಗೆ ಬರೆದಿಡುವುದು ನಮ್ಮ ಮನೆಯಲ್ಲಿ ಅಪ್ಪನ ಕಾಲದಿಂದ ಬಂದ ರೂಢಿ. ನಾನು ನೋಡಿಬಂದ ಚಿಲಿ ದೇಶದ ಫ್ರಾಯ್ ಹೋರ್ಹೆ ರಾಷ್ಟ್ರೀಯ ಉದ್ಯಾನದಲ್ಲಿ ವರ್ಷದ ಸರಾಸರಿ ಮಳೆ 6 ಇಂಚೂ ತುಂಬುವುದಿಲ್ಲ. ನಮ್ಮಲ್ಲಿ ಆಷಾಢದ ಒಂದೇ ರಾತ್ರಿಗೆ ಅಷ್ಟು ಸುರಿದದ್ದುಂಟು.

ಒವಾಯೆ ಪಟ್ಟಣದಿಂದ ಆ ಉದ್ಯಾನಕ್ಕೆ ಹೊರಟರೆ ದಾರಿಯುದ್ದಕ್ಕೂ ಕಳ್ಳಿ, ಕುರುಚಲು ಗಿಡ. ಪೆಸಿಫಿಕ್ ಸಾಗರಕ್ಕೆ ಮುಖ ಮಾಡಿದ ಬೆಟ್ಟದ ನೆತ್ತಿಯಲ್ಲಿ ಮಾತ್ರ ದಟ್ಟ ಕಾಡು. ಅಲ್ಲಿನ ಒಲಿವಿಯೊ, ಕನೆಲೊ ಮರಗಳು ಸಾವಿರ ಕಿಲೋಮೀಟರ್ ದಕ್ಷಿಣದ, ಮಳೆ ಧಾರಾಳವಾಗಿರುವ ವಾಲ್ಡಿವಿಯಾ ಸೀಮೆಯ ಕಾಡಿನವು. ಹಿಂದೆ ಈ ಒಣ ಸೀಮೆಯೂ ತೇವವಾಗಿತ್ತು. ಹವೆ ಒಣಗುತ್ತ ಬಂದಾಗ ನೆತ್ತಿಯ ಮೇಲಿನವಷ್ಟೇ ಬದುಕಿಕೊಂಡವು.

ಬದುಕಿಸಿದ್ದು ಮಂಜು. ಹಂಬೋಲ್ಟ್ ಶೀತಪ್ರವಾಹದ ಮೇಲೆ ತಣಿದ ಗಾಳಿ ಮೋಡವಾಗಿ ಬಂದು ಬೆಟ್ಟಕ್ಕೆ ಬಡಿಯುತ್ತದೆ. ಅಲ್ಲಿನವರು ಅದಕ್ಕೆ ಕಮಂಚಾಕ ಎನ್ನುತ್ತಾರೆ. ಹಲಗೆ ಹಾಸಿದ ಕಾಲುದಾರಿಯಲ್ಲಿ ನಿಂತು ನಾನು ಒಂದು ಒಲಿವಿಯೊ ಎಲೆಯನ್ನೇ ನೋಡುತ್ತಿದ್ದೆ. ದಪ್ಪನೆಯ, ಚರ್ಮದಂಥ ಎಲೆ. ಅದರ ಮೇಲೆ ಕೂತ ತುಂತುರು ಒಂದಕ್ಕೊಂದು ಕೂಡಿಕೊಂಡು, ಹನಿಗಟ್ಟಿ, ತುದಿಗೆ ಜಾರಿ ಬುಡದ ಪಾಚಿಯ ಮೇಲೆ ಬೀಳುತ್ತಿತ್ತು. ಕಾಡಿನಾಚೆಯ ಬಯಲಲ್ಲೂ ಅದೇ ಮಂಜು ಹಾಯುತ್ತಿತ್ತು. ತಡೆದು ಹಿಡಿಯುವ ಎಲೆಗಳಿಲ್ಲದೆ ಅಲ್ಲಿ ಮಣ್ಣು ಧೂಳಾಗಿಯೇ ಇತ್ತು. ಕಾಡಿನ ಕಡಲ ಕಡೆಯ ಅಂಚಿನಲ್ಲಿ ಎಳೆಯ ಸಸಿಗಳು ಏಳುತ್ತವೆ. ಹಿಂದಿನ ಅಂಚಿಗೆ ಮಂಜಿನ ಪಾಲು ಅಷ್ಟಾಗಿ ಸಿಗುವುದಿಲ್ಲ, ಮರಗಳು ಅಲ್ಲಿ ನಿಂತಲ್ಲೇ ಒಣಗುತ್ತವೆ.

ಹೀಗಿರುವಾಗ ಮರ ಕಡಿದರೆ ನೀರೂ ಹೋಯಿತು. ಆಮೇಲೆ ಸಸಿ ನೆಟ್ಟರೆ ಅದು ಏನನ್ನು ಕುಡಿದು ಬೆಳೆಯಬೇಕು? ಚಿಲಿ ಈ ಕಾಡನ್ನು 1941ರಲ್ಲೇ ರಾಷ್ಟ್ರೀಯ ಉದ್ಯಾನ ಮಾಡಿತು. 1977ರಲ್ಲಿ ಯುನೆಸ್ಕೊ ಜೀವಗೋಳ ಮೀಸಲು ಪ್ರದೇಶವೂ ಆಯಿತು.

ನಮ್ಮ ಕುದುರೆಮುಖ, ಬಾಬಾಬುಡನ್‌ಗಿರಿಯ ಶೋಲಾ ಕಾಡುಗಳೂ ಮಂಜು ಹಿಡಿಯುತ್ತವೆ. ಮಳೆ ಯಥೇಚ್ಛವಾಗಿರುವುದರಿಂದ ನಾವು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿಲ್ಲ. ರಸ್ತೆ ಅಗಲ ಮಾಡುವಾಗ, ತಂತಿ ಎಳೆಯುವಾಗ ‘ಒಂದಕ್ಕೆ ಹತ್ತು ನೆಡುತ್ತೇವೆ’ ಎಂಬ ಮಾತು ಸಲೀಸಾಗಿ ಬರುತ್ತದೆ. ಎಲ್ಲೋ ಬಯಲುಸೀಮೆಯಲ್ಲಿ ನೆಟ್ಟ ಹತ್ತು ಸಸಿ ಗಿರಿಯ ಮಂಜನ್ನು ಹಿಡಿಯಲಾರವು, ಕೆಳಗಿನ ಹಳ್ಳಕ್ಕೆ ಬೇಸಿಗೆಯಲ್ಲಿ ಒಂದು ಹನಿಯನ್ನೂ ಕೊಡಲಾರವು. ಶೋಲಾ ಮರ ಕಡಿಯಲು ಅನುಮತಿ ಕೇಳುವವರು ಆ ಮರದಡಿ ಮಳೆಯಿಲ್ಲದ ದಿನಗಳಲ್ಲಿ ತೊಟ್ಟಿಕ್ಕುವ ನೀರನ್ನು ಒಂದು ವರ್ಷವಾದರೂ ಅಳೆದು ಕಡತಕ್ಕೆ ಸೇರಿಸಲಿ. ಆ ಅಂಕಿ ಇಲ್ಲದ ಅರ್ಜಿಯನ್ನು ಅರಣ್ಯ ಇಲಾಖೆ ವಾಪಸ್ ಕಳಿಸಬೇಕು.